ಮೂರನೇ ಬೇಸಿನ ಓಪಲ್

ಬೇಸ್‌ಬಾಲ್ ಮೈದಾನದ ಮೂರನೇ ಬೇಸಿನ ಚೌಕದ ಮೇಲೆ ನಿಂತಿದ್ದ ವರ್ನಾಳ ಸ್ಕರ್ಟು ತೊಡೆಯ ಹಸಿಗಾಯಕ್ಕೆ ಅಂಟಿಕೊಂಡುಬಿಟ್ಟಿತ್ತು. ನಿನ್ನೆ ಚೆಂಡಿಗಿಂತ ಮೊದಲೇ ತಲುಪಲು ಮಣ್ಣಿನಲ್ಲಿ ಜಾರಿ ಬೇಸು ಮುಟ್ಟಿದಾಗ ಅಂಗೈಯಗಲ ಚರ್ಮ ಕಿತ್ತುಹೋಗಿತ್ತು. ಹೆಂಗಸರ ತಂಡ ಗಿಡ್ಡ ಸ್ಕರ್ಟಿನಲ್ಲೇ ಆಡಬೇಕೆಂಬುದು ಮಾಲೀಕರ ಕಟ್ಟಪ್ಪಣೆ. "ಇವತ್ತು ಜಾರೋಕೆ ಹೆದರಿದ್ಯೋ, ನಾಳೆ ರೈಲು ಹತ್ತು. ನಿಮ್ಮೂರಲ್ಲಿ ಟೊಮ್ಯಾಟೊ ಡಬ್ಬಿಗೆ ತುಂಬೋ ಕೆಲಸ ಇದ್ದೇ ಇದೆ," ಎಂದು ಮ್ಯಾನೇಜರ್ ಬೆಳಿಗ್ಗೆಯೇ ಅಂದಿದ್ದ. ನೋವು ನೆನೆದರೆ ರೈಲೇ ವಾಸಿ ಅನ್ನಿಸುತ್ತಿತ್ತು. ಕಾಲು ಮಾತ್ರ ಓಡುವ ತವಕದಲ್ಲಿ ಒಂದೆಡೆ ನಿಲ್ಲುತ್ತಿರಲಿಲ್ಲ.

ಆ ಬೇಸು ಕಾಯುತ್ತಿದ್ದವಳು ಎದುರಾಳಿ ತಂಡದ ಓಪಲ್. ಅವಳು ಕೈಯೆತ್ತಿ ಆಟ ನಿಲ್ಲಿಸಿದಳು. ವರ್ನಾಳಿಗೂ ಆಟ ನೋಡಲು ಬಂದ ಜನರಿಗೂ ನಡುವೆ ಮಂಡಿಯೂರಿ, ಬಿಗಿಯಾಗಿಯೇ ಇದ್ದ ಬೂಟಿನ ದಾರ ಬಿಚ್ಚತೊಡಗಿದಳು.

"ನಾನು ಅಡ್ಡ ಇದೀನಿ, ಬಟ್ಟೆ ಬಿಡಿಸ್ಕೊಳ್ಳೇ. ಒಂದೇ ಸಲ ಎಳಿ. ನಂಗೆ ಎರಡೂ ತೊಡೇಲಿ ಇಂಥ ಗಾಯ ಇದೆ."

"ಕರುಣೆ ತೋರಿಸ್ತಿದೀಯಾ?"

"ಕರುಣೆನಾ? ನಿನ್ನ ಔಟ್ ಮಾಡ್ದೆ ಬಿಡಲ್ಲ ಕಣೇ. ಬೇಗ! ಈ ದಾರ ಇನ್ನೆಷ್ಟು ಹೊತ್ತು ಕಟ್ಲಿ?"

ವರ್ನಾ ಹಲ್ಲು ಕಚ್ಚಿ ಎಳೆದಳು. ಕಣ್ಣು ತುಂಬಿ ಬಂತು.

ಆಟ ಶುರುವಾದೊಡನೆ ಬ್ಯಾಟಿಗೆ ತಗುಲಿದ ಚೆಂಡು ಓಪಲಳ ಕಡೆಗೇ ಉರುಳಿತು. ವರ್ನಾ, ಮುಟ್ಟಿದರೆ ಓಟ ಸಿಗುವ ಹೋಮ್ ಪ್ಲೇಟಿನತ್ತ ಓಡಿದಳು. ಹಿಂದಿನಿಂದ ಚೆಂಡು ಕಿವಿಯ ಪಕ್ಕದಲ್ಲೇ ಸುಂಯ್ಯೆಂದು ಹಾಯಿತು. ಓಪಲ್ ಒಂದಿಷ್ಟೂ ಮೆಲ್ಲಗೆ ಎಸೆದಿರಲಿಲ್ಲ. ವರ್ನಾಳಿಗೆ ಯಾಕೋ ನಗು ಬಂತು. ಗಾಯದ ಮಗ್ಗುಲನ್ನೇ ನೆಲಕ್ಕೆ ಕೊಟ್ಟು ಅವಳು ಜಾರಿದಳು.