ಬದಲಿ ಕೆಟಲ್ ಬೇಡವೆಂದ ಗಿರಾಕಿ

ಗದುಗಿನಲ್ಲಿ ಮುರಿಗೆಪ್ಪನದು ಎಲೆಕ್ಟ್ರಾನಿಕ್ಸ್ ಅಂಗಡಿ. ಮಾರುವಾಗ ಅವನ ಮಾತು ಬೆಣ್ಣೆ... ಮಾರಿದ ಮಾಲು ಕೆಟ್ಟು ವಾಪಸ್ ಬಂದರೆ ಮಾತ್ರ ಮುಖ ಗಂಟು.

ಅವತ್ತು ಬೆಳಿಗ್ಗೆ ಅವನು ಶಟರ್ ಎತ್ತುವಷ್ಟರಲ್ಲೇ ಸರೋಜಾ ಬಂದು ನಿಂತಿದ್ದಳು. ಕೈಯಲ್ಲಿ ಅದೇ ಸ್ಟೀಲ್ ಕೆಟಲ್...

ಮುಟ್ಟಿದರೆ ಕರೆಂಟ್ ಹೊಡೆಯುತ್ತದೆ ಎಂದು ಹಿಂದೆಯೂ ತಂದಿದ್ದಳು. ಪ್ರತಿ ಸಲವೂ ಅವನದು ಒಂದೇ ಪಾಠ: "ತಳಕ್ಕ ನೀರ ಹೋಗೇತ್ರಿ ಅಕ್ಕಾರ. ನೀರ ಹೋದ್ರ ವಾರಂಟಿ ಬರೂದಿಲ್ಲ. ಕಂಪನಿ ರೂಲ್ಸ್."

ಇವತ್ತು ಅವಳು ಬಾಯಿ ತೆರೆಯುವ ಮೊದಲೇ ಅವನು ಸಿಡುಕಿದ.

"ಮತ್ತ ತಂದ್ರೇನ್ರಿ? ಬದಲಿ ಪೀಸ್ ಕೊಡಾಕ ಆಗೂದಿಲ್ಲ ಅಂತ ಹೇಳೇನಲ್ರಿ!"

"ಬದಲಿ ಬ್ಯಾಡ್ರಿ ಅಣ್ಣಾರ..."

ಮುರಿಗೆಪ್ಪ ತಬ್ಬಿಬ್ಬಾದ.

"ನಿನ್ನೆ ನಮ್ಮ ಅತ್ತಿ ಇದನ್ನ ಮುಟ್ಟಿ ಬಿದ್ರು. ದವಾಖಾನ್ಯಾಗ ಅದಾರ... ಪುಣ್ಯಾ, ಜೀವಾ ಉಳೀತು. ಇಂಥಾವು ಇನ್ನ ಯಾರ್ಯಾರಿಗೆ ಕೊಟ್ಟೀರಿ? ಅವರಿಗೆಲ್ಲಾ ಒಂದ ಫೋನ್ ಹಚ್ರಿ. ಅಷ್ಟ ಹೇಳಾಕ ಬಂದೆ."

"ಎಲ್ಲಾ ಪೀಸೂ ಕೆಟ್ಟಿರ್ತಾವೇನ್ರಿ..." ಎನ್ನುತ್ತಿದ್ದವನಿಗೆ ಥಟ್ಟನೆ ನೆನಪಾಯಿತು.

ಅದೇ ಲಾಟಿನ ಒಂದು ಕೆಟಲನ್ನು ಅವನೇ ಮನೆಗೆ ಒಯ್ದಿದ್ದ! ಮಗಳು ನೀಲಾ ಬಾಣಂತನಕ್ಕೆ ಬಂದಿದ್ದಾಳೆ... ನೀರು ಕಾಯಿಸುವುದು ಅದರಲ್ಲೇ.

ನೀಲಾಗೆ ಫೋನ್ ಹಚ್ಚಿದ. ರಿಂಗ್ ಆಯಿತು... ಎತ್ತಲಿಲ್ಲ. ಮತ್ತೆ ಹಚ್ಚಿದ... ಎತ್ತಲಿಲ್ಲ. ಹೆಂಡತಿಯ ಫೋನ್ ಸ್ವಿಚ್ ಆಫ್.

"ನನ್ನ ಮಗಳು...!" ಎಂದವನೇ ಅಂಗಡಿ ತೆರೆದಿಟ್ಟು ಸ್ಕೂಟರ್ ಹತ್ತಿದ.

ಮಾರ್ಕೆಟ್ ರಸ್ತೆಯಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಹಾರ್ನ್ ಹೊಡೆದ, ಬೈದ, ಬೇಡಿಕೊಂಡ... ಕೊನೆಗೆ ಸ್ಕೂಟರ್ ಅಲ್ಲೇ ಬಿಟ್ಟು ಓಡಿದ. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲ.

ನೀಲಾ ಅಡುಗೆಮನೆಯಲ್ಲಿದ್ದಳು. ಹೆಗಲ ಮೇಲೆ ಕೂಸು... ಒಂದು ಕೈ ಕೆಟಲ್ ಕಡೆಗೆ...

"ಮುಟ್ಟಬ್ಯಾಡಾ!"

ಸ್ವಿಚ್ ಆರಿಸಿ, ಪ್ಲಗ್ ಕಿತ್ತ. ಕೂಸು ಬೆಚ್ಚಿ ಅಳತೊಡಗಿತು.

"ಯಾಕಪ್ಪಾ, ಏನಾತು? ಮೊನ್ನಿಯಿಂದ ಸ್ವಲ್ಪ ಜುಮ್ ಅಂತಿತ್ತು, ಖರೆ... ನೀ ತಂದದ್ದು ಅಂದ್ಮ್ಯಾಲ ಏನಾಗತೈತಿ ಬಿಡು ಅಂತ ಸುಮ್ನಿದ್ದೆ."

ಮುರಿಗೆಪ್ಪ ಅಲ್ಲೇ ನೆಲಕ್ಕೆ ಕುಸಿದು ಮಗುವಿನಂತೆ ಅತ್ತ. ಸರೋಜಾಳೂ ತನ್ನನ್ನು ಹೀಗೇ ನಂಬಿ ಕೊಂಡಿದ್ದಳಲ್ಲ...

ಅಂಗಡಿಗೆ ವಾಪಸ್ ಬಂದರೆ ಸರೋಜಾ ಸ್ಟೂಲಿನ ಮೇಲೆ ಕೂತಿದ್ದಳು.

"ಬಾಗಲಾ ತಗದ ಇಟ್ಟು ಹೋದ್ರಿ... ಯಾರರ ಹೊಕ್ಕಾರಂತ ಕಾಯ್ಕೋತ ಕುಂತೆ. ಮಗಳು ಆರಾಮ ಅದಾಳಲ್ರಿ?"

ಅವನು ಹೌದೆಂದು ತಲೆಯಾಡಿಸಿದ. ಕೈ ಮುಗಿದ.

ಆಮೇಲೆ ಫೋನ್ ಹಿಡಿದು ಕೂತ. ನಂಬರ್ ಸಿಕ್ಕ ಗಿರಾಕಿಗಳಿಗೆಲ್ಲ ಹೇಳಿದ. ಕಂಪನಿಯವನು, "ಮೊದಲು ಟೆಸ್ಟ್ ಮಾಡಬೇಕಾಗುತ್ತೆ ಸರ್" ಎಂದು ರಾಗ ಎಳೆದ.

"ನೀವ ಬಂದು ಮುಟ್ಟಿ ಟೆಸ್ಟ್ ಮಾಡ್ರಿ!" ಮುರಿಗೆಪ್ಪ ಗುಡುಗಿದ.

ಗುದ್ದಾಡಿ ಗುದ್ದಾಡಿ ಕೊನೆಗೆ ಇಡೀ ಲಾಟ್ ವಾಪಸ್ ಹೋಯಿತು. ಸರೋಜಾಳ ಅತ್ತೆ ಹುಷಾರಾಗಿ ಮನೆಗೆ ಬಂದರು. ಆಸ್ಪತ್ರೆಯ ಖರ್ಚನ್ನು ಮುರಿಗೆಪ್ಪನೇ ಹಟ ಹಿಡಿದು ಕೊಟ್ಟ.

ಆದರೆ ಒಂದೇ ಒಂದು ಕೆಟಲ್ ಸಿಗದೆ ಉಳಿಯಿತು... ಬಸ್ಸಿಗೆ ಹೊತ್ತಾಯಿತು ಎಂದು ಒಬ್ಬ ಪರ ಊರಿನವನು ಅವಸರದಲ್ಲಿ ಒಯ್ದದ್ದು. ಹೆಸರಿಲ್ಲ, ನಂಬರಿಲ್ಲ.

ಅಂಗಡಿ ಮುಂದೆ ದೊಡ್ಡ ಬೋರ್ಡ್ ಹಾಕಿಸಿದ್ದಾನೆ: 'ನಮ್ಮಲ್ಲಿ ಸ್ಟೀಲ್ ಕೆಟಲ್ ಒಯ್ದವರು ದಯವಿಟ್ಟು ಬಳಸಬೇಡಿ. ವಾಪಸ್ ತನ್ನಿ.'

ಈಗಲೂ ಗುರುತಿಲ್ಲದ ಮುಖ ಮೆಟ್ಟಿಲು ಹತ್ತಿದರೆ ಸಾಕು, ಮುರಿಗೆಪ್ಪ ಎದ್ದು ನಿಲ್ಲುತ್ತಾನೆ... "ಕೆಟಲ್ ಒಯ್ದವರು ನೀವೇನ್ರಿ?"

*

ದೂರು ತಂದವರೆಲ್ಲ ಜಗಳಕ್ಕೇ ಬಂದಿರುವುದಿಲ್ಲ... ನಮ್ಮನ್ನು ಉಳಿಸಲೂ ಬಂದಿರಬಹುದು.

ನೀವು ಇವತ್ತು ಯಾರ ಮಾತನ್ನು ಪೂರ್ತಿ ಕೇಳದೆ ವಾಪಸ್ ಕಳಿಸಿದಿರಿ?