ನೀಲಾಂಬಿಕಾ ಟೀಚರ್ ಬೆಸೆದ ಬೋರ್ಡು

ಬೆಳಿಗ್ಗೆ ಬೆಳಿಗ್ಗೆ ಕಳಿಸುತ್ತಿದ್ದೇನೆ... ಚಹಾ ಆರಿದರೂ ಪರವಾಗಿಲ್ಲ, ಪೂರ್ತಿ ಓದಿ.

ಧಾರವಾಡದ ಒಂದು ಹೈಸ್ಕೂಲಿನಲ್ಲಿ ನೀಲಾಂಬಿಕಾ ಎಂಬ ವಿಜ್ಞಾನದ ಟೀಚರ್ ಇದ್ದಳು. ಸ್ಕೂಟರ್ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಹೋಗಿತ್ತು... ಪಾಠ ಮಾತ್ರ ನಿಂತಿರಲಿಲ್ಲ.

ಮೋಟಾರಿನ ವೀಲ್‌ಚೇರ್ ಇತ್ತು. ಕೈಯ ಹತ್ತಿರದ ಕಡ್ಡಿಯನ್ನು ಮುಂದಕ್ಕೆ ಒತ್ತಿದರೆ ಸಾಕು, ದಿನ್ನೆ ಹತ್ತಿ ಒಬ್ಬಳೇ ಶಾಲೆಗೆ ಹೋಗುತ್ತಿದ್ದಳು.

ಒಂದು ದಿನ ಸಂಜೆ ಜೋರು ಮಳೆ... ಮೋಟಾರನ್ನು ನಡೆಸುವ ಕಂಟ್ರೋಲರ್ ಬೋರ್ಡಿಗೆ ನೀರು ಹೊಕ್ಕಿತು. ಕುರ್ಚಿ ನಡುರಸ್ತೆಯಲ್ಲೇ ನಿಂತುಬಿಟ್ಟಿತು.

ಕಂಪನಿಗೆ ಫೋನ್ ಮಾಡಿದಳು. "ಆ ಮಾಡೆಲ್ ನಿಂತುಹೋಗಿದೆ ಮೇಡಂ, ಬೋರ್ಡ್ ಸಿಗೋದಿಲ್ಲ" ಎಂದು ಇಟ್ಟುಬಿಟ್ಟರು.

ಮರುದಿನದಿಂದ ಅವ್ವ ಗೌರವ್ವ ಕುರ್ಚಿ ದೂಕತೊಡಗಿದಳು. ಮೊಣಕಾಲು ನೋವಿನ ಜೀವ... ಅರ್ಧ ದಿನ್ನೆ ಏರುವಷ್ಟರಲ್ಲಿ ಆಕೆಯ ಏದುಸಿರು ಮಗಳ ಕಿವಿಗೆ ಬೀಳುತ್ತಿತ್ತು.

"ಸಾಕವ್ವಾ, ನಿನಗ ಆಗಂಗಿಲ್ಲ."

"ನಾ ಸಾಯೋತನಕಾ ದೂಕ್ತೀನಿ. ನೀ ಸುಮ್ಮ ಕೂಡು!"

"ಆಮ್ಯಾಲ...?"

ಗೌರವ್ವ ಸೆರಗು ಬಿಗಿದು ಮತ್ತೆ ದೂಕಿದಳು.

ಇದನ್ನೆಲ್ಲ ನೋಡಿ ಶಾಲೆಯ ಕಾರ್ಯದರ್ಶಿ ಶಿರಹಟ್ಟಿಯವರಿಗೂ ಮರುಕ ಹುಟ್ಟಿತು.

"ಟೀಚರ, ನಿಮಗ್ಯಾಕ್ರೀ ಈ ತ್ರಾಸು? ಮನ್ಯಾಗ ಕುಂತು ಪೇಪರ್ ತಿದ್ರಿ, ಸಾಕು. ಮುಂದಿನ ತಿಂಗಳಿಂದ ಕ್ಲಾಸಿಗೆ ಬ್ಯಾರೇದೋರನ್ನ ಹಾಕ್ತೀವಿ."

"ಕೆಟ್ಟಿದ್ದು ಕುರ್ಚಿ ಐತ್ರಿ ಸರ... ನನ್ನ ಬಾಯಿಗೇನಾಗೇತಿ?"

ಅವರು ನಕ್ಕು ಹೋದರು. ಅವಳಿಗೆ ನಗು ಬರಲಿಲ್ಲ.

ಸಿಗದ ಬೋರ್ಡನ್ನು ತಾನೇ ಮಾಡುತ್ತೇನೆ ಎಂದು ಆ ದಿನವೇ ಹಟ ಹಿಡಿದಳು.

ವಿಡಿಯೋ ನೋಡಿದಳು, ಹಳೇ ಪುಸ್ತಕ ತೆಗೆದಳು, ಹುಬ್ಬಳ್ಳಿಯಿಂದ ಬಿಡಿಭಾಗ ತರಿಸಿದಳು. ಅಡುಗೆಮನೆಯ ಟೇಬಲ್ಲೇ ವರ್ಕ್‌ಶಾಪ್ ಆಯಿತು.

ಸೋಲ್ಡರಿಂಗ್ ಐರನ್ ಕಾಯಿಸಿ ಬೆಸುಗೆ ಹಾಕಲು ಕೂತರೆ ಬೆರಳು ಸುಟ್ಟವು. ಬೆಸುಗೆ ಗಂಟುಗಂಟಾಗಿ ಕೂತಿತು... ಕಿತ್ತಳು, ಮತ್ತೆ ಹಾಕಿದಳು, ಮತ್ತೆ ಕಿತ್ತಳು.

ಅಂತೂ ಬೋರ್ಡು ಸಿದ್ಧವಾಯಿತು. ಅಂಗಳದಲ್ಲಿ ಟ್ರಯಲ್. ಕಡ್ಡಿ ಒತ್ತಿದ್ದೇ ತಡ... ಫಟ್!

ಮೋಟಾರಿಗೆ ಕರೆಂಟನ್ನು ಅಳೆದು ಬಿಡಬೇಕಾದ ಭಾಗವೇ ಸುಟ್ಟು, ಕರೆಂಟು ಪೂರಾ ನುಗ್ಗಿತು. ಕಡ್ಡಿ ಬಿಟ್ಟರೂ ಕುರ್ಚಿ ನಿಲ್ಲಲಿಲ್ಲ. ಸೀದಾ ಹೋಗಿ ಕಂಪೌಂಡ್ ಗೋಡೆಗೆ ಗುದ್ದಿತು.

ಅವಳ ಹಣೆ ಒಡೆದು ರಕ್ತ ಬಂತು.

ಗೌರವ್ವ ಓಡಿ ಬಂದವಳೇ ರಕ್ತ ಒರೆಸಿ, ಬ್ಯಾಟರಿಯ ವೈರು ಕಿತ್ತು, ಬೋರ್ಡನ್ನು ಕೈಗೆ ತೆಗೆದುಕೊಂಡಳು.

"ಇದನ್ನ ಒಲ್ಯಾಗ ಹಾಕ್ತೀನಿ! ಆಸ್ಪತ್ರ್ಯಾಗ ನಿನ್ನ ಒಮ್ಮೆ ನೋಡೇನಿ... ಇನ್ನೊಮ್ಮೆ ನೋಡೋ ಶಕ್ತಿ ನನಗಿಲ್ಲವ್ವಾ!"

"ಹಾಕವ್ವಾ. ನಾಳೆ ಇನ್ನೊಂದು ಮಾಡ್ತೀನಿ. ಅದನ್ನೂ ಹಾಕು... ಮತ್ತೊಂದು ಮಾಡ್ತೀನಿ!"

ನೀಲಾಂಬಿಕಾ ಹಣೆಯ ಗಾಯವನ್ನು ಅಂಗೈಯಿಂದ ಒತ್ತಿಹಿಡಿದಳು. ಮಾತು ನಿಲ್ಲಿಸಲಿಲ್ಲ.

"ಅಂಜಿಕಿ ನನಗೂ ಐತಿ. ಆದ್ರ ಅಂಜಿ ಮೂಲ್ಯಾಗ ಕುಂದ್ರಾಕ ನಾ ಬದುಕಿ ಬಂದಿಲ್ಲ."

ಗೌರವ್ವ ಬೋರ್ಡನ್ನು ಹಿಡಿದುಕೊಂಡೇ ಒಳಗೆ ಹೋದಳು.

ಮರುದಿನ ರೊಟ್ಟಿ ಮುಗಿಸಿ, ಕೈ ತೊಳೆದು, ಟೇಬಲ್ಲಿನ ಎದುರು ಬಂದು ಕೂತಳು. ಒಲೆಗೆ ಹೋಗದ ಬೋರ್ಡು ಅಲ್ಲೇ ಇತ್ತು.

"ಇನ್ನೊಂದು ಮಾಡು. ಆದ್ರ ಏನ ಕೆಟ್ರೂ ನಿಲ್ಲೂಹಂಗ ಒಂದು ಬಟನ್ ಇಡು. ನನ್ನ ಜೀವಕ್ಕ ಸಮಾಧಾನ ಬೇಕು... ಹೇಳು, ಎಲ್ಲಿ ಹಿಡೀಲಿ?"

ಬಳೆ ಮೇಲಕ್ಕೇರಿಸಿ ಆಕೆ ಚಿಮಟದಿಂದ ವೈರು ಹಿಡಿದಳು. ಮಗಳು ಬೆಸುಗೆ ಹಾಕಿದಳು.

ಈ ಸಲ ಕರೆಂಟು ಹರಿಯುವಲ್ಲೆಲ್ಲ ದಪ್ಪ ತಾಮ್ರದ ತಂತಿ ಬೆಸೆದಳು. ಬಿಸಿ ಎಳೆಯಲು ಅಗಲವಾದ ಅಲ್ಯೂಮಿನಿಯಂ ತಗಡು ಕೂರಿಸಿದಳು. ಜೊತೆಗೆ ಅವ್ವ ಕೇಳಿದ ಕೆಂಪು ಬಟನ್... ಗುದ್ದಿದರೆ ಸಾಕು, ಕರೆಂಟು ಕಡಿದು ಗಾಲಿಗೆ ಬ್ರೇಕ್ ಬೀಳುತ್ತಿತ್ತು.

ಗಾಲಿ ನೆಲ ಮುಟ್ಟದಂತೆ ಕುರ್ಚಿಯನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು ಓಡಿಸಿ ನೋಡಿದಳು. ಆಮೇಲೆ ಅಂಗಳದಲ್ಲಿ. ಆಮೇಲೆ ಓಣಿಯಲ್ಲಿ.

ಉಳಿದದ್ದು ಶಾಲೆಯ ದಿನ್ನೆ.

ಒಂದು ಬೆಳಿಗ್ಗೆ ಹೊರಟಳು. ಹಿಂದೆ ಗೌರವ್ವ. ದಿನ್ನೆಯ ಬುಡದಲ್ಲಿ ನೀಲಾಂಬಿಕಾ ಕಡ್ಡಿ ಒತ್ತಿದಳು.

ಮೋಟಾರು ಗುಂಯ್‌ಗುಟ್ಟಿತು. ಕುರ್ಚಿ ಏರಿತು... ಏರುತ್ತಲೇ ಹೋಯಿತು. ಎಲ್ಲೂ ತಡವರಿಸಲಿಲ್ಲ.

ಇಷ್ಟು ಸಲೀಸಾಗಿ ಹೋಗುತ್ತಿರುವುದನ್ನು ನೋಡಿ ಅವಳಿಗೆ ಅನುಮಾನ ಬಂತು. ಸಿಟ್ಟೂ ಬಂತು.

"ಅವ್ವಾ! ದೂಕಬ್ಯಾಡ ಅಂತ ಹೇಳಿದ್ನೋ ಇಲ್ಲೋ? ಕೈ ತೆಗಿ!"

ಉತ್ತರ ಬಂತು... ಆದರೆ ಎಷ್ಟೋ ದೂರದಿಂದ, ದಿನ್ನೆಯ ಬುಡದಿಂದ!

"ನಾ ಇಲ್ಲೇ ಅದೀನವಾ...! ನೀನ ಹೊಂಟೀ...!"

ನೀಲಾಂಬಿಕಾಳ ಕಣ್ಣು ತುಂಬಿ ರಸ್ತೆ ಮಸುಕಾಯಿತು. ತಿರುಗಲು ನೋಡಿದಳು. ಅಷ್ಟರಲ್ಲಿ ಕೆಳಗಿನಿಂದ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಗೌರವ್ವ ಕೂಗಿದಳು...

"ಹಿಂದ ನೋಡಬ್ಯಾಡ! ಹೋಗು ನೀ!"

ಅವಳು ಹೋದಳು.

ಶಾಲೆಯ ಗೇಟಿನಲ್ಲಿ ಶಿರಹಟ್ಟಿಯವರು ಗಾಬರಿಯಿಂದ ಓಡಿ ಬಂದರು. "ಅಯ್ಯಯ್ಯ, ಒಬ್ಬರ ಬಂದ್ರ್ಯಾ? ತಡೀರಿ, ನಾ ದೂಕ್ತೀನಿ..."

"ಮುಟ್ಟಬ್ಯಾಡ್ರಿ ಸರ. ಗೇಟಷ್ಟ ತೆರೀರಿ. ನನ್ನ ಕ್ಲಾಸು ನಾನ ತಗೋತೀನಿ... ಮುಂದಿನ ತಿಂಗಳೂ, ಅದರ ಮುಂದಿನ ತಿಂಗಳೂ."

ಅವರು ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಗೇಟಿನ ಎರಡೂ ಬಾಗಿಲು ಪೂರ್ತಿ ತೆರೆದರು.

ಎಂಟನೇ ತರಗತಿಯಲ್ಲಿ ಆ ದಿನ ವಿದ್ಯುತ್ತಿನ ಪಾಠವಿತ್ತು.

🌿 ಪ್ರೀತಿ ಎಂದರೆ ಸದಾ ಹಿಂದೆ ನಿಂತು ದೂಕುವುದಲ್ಲ... ಏರುವವರನ್ನು ನಂಬಿ ಕೆಳಗೇ ನಿಲ್ಲುವ ಧೈರ್ಯ.

ಒಂದು ಕ್ಷಣ ಯೋಚಿಸಿ... "ನಿನ್ನಿಂದ ಆಗಲ್ಲ, ನಾನೇ ಮಾಡ್ತೀನಿ ಬಿಡು" ಎಂದು ನೀವು ಪ್ರೀತಿಯಿಂದಲೇ ಯಾರನ್ನು ಕೂರಿಸಿಬಿಟ್ಟಿದ್ದೀರಿ?