ಅಪಾಯದ ಫೋನು

ಎರಡು ದೇಶಗಳ ಬಾಹ್ಯಾಕಾಶ ಒಪ್ಪಂದ ಮುರಿದುಬಿದ್ದ ಮೇಲೆ ನಿಯಂತ್ರಣ ಕೊಠಡಿಯಲ್ಲಿ ಉಳಿದದ್ದು ಒಂದೇ ಫೋನು. ಉಪಗ್ರಹಗಳು ಡಿಕ್ಕಿ ಹೊಡೆಯುವಂತಿದ್ದರೆ ಮಾತ್ರ ಅದನ್ನು ಬಳಸಬೇಕು. ಬೇರೆ ಒಂದು ಮಾತೂ ಕೂಡದು.

ಅದರ ಮುಂದೆ ಮಂದಾಕಿನಿ ಒಬ್ಬಳೇ ಕೂರುತ್ತಿದ್ದಳು. ಒಪ್ಪಂದವಿದ್ದ ಕಾಲದಲ್ಲಿ ಆ ಕಡೆಯ ಅಧಿಕಾರಿಗೆ ಅವಳು ಕನ್ನಡದ ಒಂದೇ ಒಂದು ಮಾತು ಕಲಿಸಿದ್ದಳು. ಕೆಲಸ ಮುಗಿಸುವಾಗ ಆತ ತಪ್ಪದೆ ಅದನ್ನು ಕೇಳುತ್ತಿದ್ದ. ಈಗ ಅವಳ ಬುತ್ತಿಡಬ್ಬಿ ಎಷ್ಟೋ ದಿನ ಮುಚ್ಚಿದ್ದ ಹಾಗೆಯೇ ಮನೆಗೆ ಮರಳುತ್ತಿತ್ತು.

ಒಂದು ಮಧ್ಯಾಹ್ನ ಫೋನು ಹೊಡೆದುಕೊಂಡಿತು. ಇಂಗ್ಲಿಷಿನಲ್ಲಿ ಯಾವುದೋ ಹೊಸ ದನಿ.

“ನಮ್ಮ ಉಪಗ್ರಹ ನಿಮ್ಮದಕ್ಕೆ ತೀರಾ ಹತ್ತಿರ ಬರ್ತಿದೆ. ನಿಮ್ಮದನ್ನ ಸ್ವಲ್ಪ ಮೇಲೇರಿಸಿ.”

ಅವಳು ಕೂಡಲೇ ಆದೇಶ ಕಳಿಸಿದಳು. “ಏರಿಸಿದ್ದೀನಿ. ಮೊದಲಿದ್ದವರು ಎಲ್ಲಿ?”

“ನಿಮ್ಮ ಕಡೆಯವರ ಜೊತೆ ಸಲುಗೆ ಜಾಸ್ತಿ ಆಯ್ತು ಅಂತ ಕೆಲಸದಿಂದ ತೆಗೆದರು.”

ಅವಳು ಫೋನು ಕೆಳಗಿಡಲು ಹೊರಟಳು. “ಸರಿ, ಇಡ್ತೀನಿ.”

“ಇಡಬೇಡಿ. ಅವರು ಹೋಗೋ ಮುಂಚೆ ಸುರಕ್ಷತಾ ನಿಯಮಕ್ಕೆ ಒಂದು ಪ್ರಶ್ನೆ ಸೇರಿಸಿದ್ದಾರೆ. ಅರ್ಥ ಇಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಅದನ್ನ ಕೇಳಿ, ಉತ್ತರ ಪಡೆಯದೆ ಫೋನ್ ಇಡೋ ಹಾಗಿಲ್ಲ.”

ಆ ದನಿ ತಡವರಿಸುತ್ತ ಕೇಳಿತು: “ಊಟ ಆಯ್ತಾ?”